ಐಐಎಂ ಬೆಂಗಳೂರು: ಯಾವ ಕೋರ್ಸ್, ಯಾರಿಗೆ, ಯಾವಾಗ?

ಮ್ಯಾನೇಜ್‌ಮೆಂಟ್ ಓದಬೇಕು ಅಂತ ನನ್ನ ಹತ್ತಿರ ಬರುವ ಮಕ್ಕಳು, ಅವರ ಜೊತೆ ಬರುವ ಅಪ್ಪ-ಅಮ್ಮ, ಎಲ್ಲರೂ ಮೊದಲು ಕೇಳುವುದು ಒಂದೇ: "ಐಐಎಂ ಬೆಂಗಳೂರು ಸಿಗುತ್ತಾ ಮೇಡಂ?" ಐಐಎಂ ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್. ಅಲ್ಲಿ ಯಾವ ಕೋರ್ಸ್ ಬೇಕು ಅಂತ ನಾನು ತಿರುಗಿ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅಲ್ಲಿರುವುದು ಒಂದೇ ಎಂಬಿಎ ಅಂದುಕೊಂಡಿರುತ್ತಾರೆ. ನಾನು ಕೇಳುವ ಎರಡನೇ ಪ್ರಶ್ನೆ: "ಎಷ್ಟು ವರ್ಷ ಕೆಲಸ ಮಾಡಿದ್ದೀರಿ?" ಈ ಪ್ರಶ್ನೆಯ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ. ಯಾಕೆ ಅಂತ ತಿಳಿಯಬೇಕಾದರೆ ಆ ಸಂಸ್ಥೆ ಹೇಗೆ ಹುಟ್ಟಿತು, ಅಲ್ಲಿನ ಕ್ಲಾಸು ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು.

ದೇಶದ ಮೊದಲ ಎರಡು ಐಐಎಂಗಳು ಕಲ್ಕತ್ತಾ ಮತ್ತು ಅಹಮದಾಬಾದಿನವು. ಎರಡೂ 1961ರಲ್ಲಿ ಶುರುವಾದವು. ಕಲ್ಕತ್ತಾಕ್ಕೆ ಅಮೆರಿಕದ ಎಂಐಟಿ, ಅಹಮದಾಬಾದಿಗೆ ಹಾರ್ವರ್ಡ್ ಜೊತೆಯಾಗಿ ನಿಂತಿದ್ದವು. ಬೆಂಗಳೂರಿನದ್ದು ಮೂರನೆಯದು, 1973ರಲ್ಲಿ ಬಂತು. ಇದರ ಉದ್ದೇಶ ಬೇರೆ ಇತ್ತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮುಂತಾದ ಸಾರ್ವಜನಿಕ ವಲಯದ ಕಾರ್ಖಾನೆಗಳು ತುಂಬಿದ್ದ ಊರು ಇದು. ಅಂಥ ಉದ್ದಿಮೆಗಳನ್ನು ನಡೆಸುವವರನ್ನು ತಯಾರು ಮಾಡುವುದೇ ಶುರುವಿನ ಗುರಿ. ಮೊದಲ ನಿರ್ದೇಶಕ ಪ್ರೊ. ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದವರು. ದೇಶದ ಸಾಗಾಟದಲ್ಲಿ ಎತ್ತಿನ ಗಾಡಿಯ ಪಾಲು ಎಷ್ಟು, ನೊಗ ಸರಿಯಿಲ್ಲದೆ ಎತ್ತು ಪಡುವ ಪಾಡೇನು ಎಂಬುದನ್ನೂ ಮ್ಯಾನೇಜ್‌ಮೆಂಟಿನ ವಿಷಯವಾಗಿ ನೋಡಿದರು. ಹಳ್ಳಿಯಿಂದ ಬಂದು ಹಿಂಜರಿಯುವ ಪ್ರತಿಯೊಬ್ಬರಿಗೂ ನಾನು ಇದನ್ನು ಹೇಳುತ್ತೇನೆ. ಹಳ್ಳಿಯ ಬದುಕು ಆ ಸಂಸ್ಥೆಗೆ ಮೊದಲ ದಿನದಿಂದಲೂ ಹೊರಗಿನದ್ದಲ್ಲ.

ಈಗ ಬನ್ನೇರುಘಟ್ಟ ರಸ್ತೆಯಲ್ಲಿರುವ ಕ್ಯಾಂಪಸ್ ಸುಮಾರು 100 ಎಕರೆಯದ್ದು. ವಿನ್ಯಾಸ ಬಿ.ವಿ. ದೋಶಿ ಅವರದ್ದು. ಅವರಿಗೆ 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಬೂದು ಕಲ್ಲಿನ ಗೋಡೆ, ಎತ್ತರದ ಉದ್ದ ಪಡಸಾಲೆಗಳು, ಮೇಲಿಂದ ಬಿಸಿಲು ಬೀಳುವ ಅಂಗಳಗಳು. ಫತೇಪುರ್ ಸಿಕ್ರಿಯ ಅಂಗಳಗಳನ್ನು ನೋಡಿ ಪಡೆದ ಯೋಚನೆ ಅದು. ಪಾಠ ಕೋಣೆಯೊಳಗೆ ಮುಗಿಯಬಾರದು, ಹೊರಗೆ ನಿಂತು ಮಾತಾಡುವಾಗಲೂ ನಡೆಯಬೇಕು ಅನ್ನುವುದು ದೋಶಿಯವರ ಆಸೆಯಾಗಿತ್ತು. ಅಲ್ಲಿನ ಕಲಿಕೆಯ ಕ್ರಮಕ್ಕೆ ಇದು ಸರಿಯಾಗಿ ಹೊಂದುತ್ತದೆ.

ನಮ್ಮ ಡಿಗ್ರಿ ಕಾಲೇಜಿನಲ್ಲಿ ಮೇಷ್ಟ್ರು ನೋಟ್ಸ್ ಕೊಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಅಲ್ಲಿ ಅನೇಕ ವಿಷಯಗಳನ್ನು ಕೇಸ್ ಇಟ್ಟುಕೊಂಡು ಕಲಿಸುತ್ತಾರೆ. ಕೇಸ್ ಅಂದರೆ ಒಂದು ನಿಜವಾದ ಉದ್ದಿಮೆ ಸಂಕಟದಲ್ಲಿದ್ದ ಗಳಿಗೆಯ ವಿವರ. ಕೆಲವು ಪುಟ ಕಥೆ, ಹಿಂದೆ ಲೆಕ್ಕದ ಪಟ್ಟಿಗಳು. ಹಿಂದಿನ ರಾತ್ರಿ ಐದಾರು ಜನ ಕೂತು ಓದಬೇಕು. ಬೆಳಿಗ್ಗೆ ಪ್ರೊಫೆಸರ್ ಯಾರನ್ನಾದರೂ ಹೆಸರು ಹಿಡಿದು ಕರೆದು ಕೇಳುತ್ತಾರೆ: "ನೀವೇ ಇದರ ಮ್ಯಾನೇಜರ್. ಏನು ಮಾಡ್ತೀರಿ?" ನೀವು ಉತ್ತರ ಹೇಳುತ್ತಿರುವಾಗ ಇನ್ನೊಬ್ಬರು ಕೈ ಎತ್ತುತ್ತಾರೆ. ಮೂರು ವರ್ಷ ಫ್ಯಾಕ್ಟರಿಯಲ್ಲಿ ದುಡಿದವರು "ಶಿಫ್ಟ್ ಬದಲಾಯಿಸಿದರೆ ಯೂನಿಯನ್ ಒಪ್ಪಲ್ಲ" ಅನ್ನುತ್ತಾರೆ. ಬ್ಯಾಂಕಿನಲ್ಲಿದ್ದವರು "ಈ ಲೆಕ್ಕ ನೋಡಿದ ಬ್ಯಾಂಕು ಸಾಲ ಕೊಡಲ್ಲ" ಅನ್ನುತ್ತಾರೆ. ಪಾಠದ ಅರ್ಧ ಭಾಗ ಪಕ್ಕದಲ್ಲಿ ಕೂತವರಿಂದ ಬರುತ್ತದೆ. ಹಾಗಾಗಿಯೇ ನೀವು ಅಲ್ಲಿಗೆ ಏನನ್ನು ಹೊತ್ತು ಹೋಗುತ್ತೀರಿ ಅನ್ನುವುದು ಮುಖ್ಯ. ಕೆಲಸದ ಅನುಭವದ ಬಗ್ಗೆ ನಾನು ಕೇಳುವುದೂ ಇದಕ್ಕೇ.

ಅನುಭವ ಅಂದರೆ ಐಟಿ ಕಂಪನಿಯ ಅನುಭವ ಮಾತ್ರ ಅಂತ ತಿಳಿಯಬೇಡಿ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿಗೆ ಸಂದರ್ಶನದ ತಯಾರಿ ಮಾಡಿಸುತ್ತಿದ್ದೆ. ತಂದೆ ಏನು ಮಾಡುತ್ತಾರೆ ಅಂತ ಕೇಳಿದೆ. "ಅಗ್ರಿಕಲ್ಚರ್, ಮೇಡಂ" ಅಂದು ಮುಗಿಸಿದಳು. ಮುಂದೆ ಒಂದು ಮಾತಿಲ್ಲ.

"ಏನು ಬೆಳೀತೀರಿ?"

"ಅಡಿಕೆ."

"ಎಲ್ಲಿಗೆ ಹಾಕ್ತೀರಿ? ಸೊಸೈಟಿಗಾ, ಮಂಡಿಗಾ?"

"ಮಂಡಿಗೆ."

"ಸೊಸೈಟಿಗೆ ಯಾಕೆ ಹಾಕಲ್ಲ?"

ಆಗ ಅವಳ ಮಾತು ಹರಿಯತೊಡಗಿತು. "ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕಲ್ವಾ ಮೇಡಂ. ಕೊನೆಗಾರನ ಕೂಲಿ, ಸುಣ್ಣ, ಮೈಲುತುತ್ತ, ಎಲ್ಲಕ್ಕೂ ಕೈಯಲ್ಲಿ ದುಡ್ಡು ಬೇಕು. ಆಗ ಮಂಡಿಯವರೇ ಅಡ್ವಾನ್ಸ್ ಕೊಡೋದು. ಆಮೇಲೆ ಅಡಿಕೆ ಅವರಿಗೇ ಹಾಕ್ಬೇಕು. ದರ ಏರುತ್ತೆ ಅಂತ ಗೊತ್ತಿದ್ರೂ ಕಾಯೋಕಾಗಲ್ಲ."

ಅಡ್ವಾನ್ಸಿನ ಬಡ್ಡಿ ಎಷ್ಟು, ಕಮಿಷನ್ ಎಷ್ಟು, ಎರಡು ತಿಂಗಳು ಕಾದಿದ್ದರೆ ರಾಶಿ ಅಡಿಕೆಗೆ ಕ್ವಿಂಟಾಲಿಗೆ ಎಷ್ಟು ಹೆಚ್ಚು ಸಿಗುತ್ತಿತ್ತು? ಕೂತು ಲೆಕ್ಕ ಹಾಕು ಅಂದೆ. ಹಾಕಿದಳು. ದುಡಿಯುವ ಬಂಡವಾಳ (ವ್ಯವಹಾರದ ದಿನನಿತ್ಯದ ಖರ್ಚಿಗೆ ಬೇಕಾಗುವ ದುಡ್ಡು), ಸಾಲದ ನಿಜವಾದ ಬೆಲೆ, ಚೌಕಾಶಿಯಲ್ಲಿ ಯಾರ ಕೈ ಮೇಲೆ ಅನ್ನುವುದು, ದಾಸ್ತಾನು ಇಟ್ಟುಕೊಳ್ಳುವ ಅಪಾಯ, ಎಲ್ಲವೂ ಆ ಒಂದು ಹಾಳೆಯಲ್ಲಿತ್ತು. ಮೊದಲ ವರ್ಷದ ಫೈನಾನ್ಸ್ ಕ್ಲಾಸಿನಲ್ಲಿ ಕಲಿಯುವುದೂ ಇದನ್ನೇ. ಇಷ್ಟೆಲ್ಲ ಗೊತ್ತಿದ್ದವಳು ಅದನ್ನು "ಅಗ್ರಿಕಲ್ಚರ್" ಅನ್ನುವ ಒಂದು ಪದದ ಹಿಂದೆ ಬಚ್ಚಿಟ್ಟಿದ್ದಳು. ಸಂದರ್ಶನದಲ್ಲಿ ಊರಿನ ಬಗ್ಗೆ, ಮನೆಯ ಕಸುಬಿನ ಬಗ್ಗೆ ಖಂಡಿತ ಕೇಳುತ್ತಾರೆ. ಅಲ್ಲಿ ಇಂಗ್ಲಿಷ್ ತುಸು ತಡವರಿಸಿದರೂ ನಡೆಯುತ್ತದೆ. ಆದರೆ ಸ್ವಂತ ಊರಿನ ವ್ಯವಹಾರವೇ ಗೊತ್ತಿಲ್ಲದಿದ್ದರೆ ಕಷ್ಟ.

ಇನ್ನು ಕೋರ್ಸುಗಳಿಗೆ ಬರೋಣ. ಎಲ್ಲರೂ ಕೇಳಿರುವುದು ಎರಡು ವರ್ಷದ ಪಿಜಿಪಿ, ಅಂದರೆ ಪೋಸ್ಟ್ ಗ್ರಾಜುಯೇಟ್ ಪ್ರೋಗ್ರಾಂ. ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆದು ಸೇರುವುದು ಇದಕ್ಕೆ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ: ಅಕೌಂಟ್ಸ್, ಅರ್ಥಶಾಸ್ತ್ರ, ಅಂಕಿಅಂಶ, ಮಾರ್ಕೆಟಿಂಗ್, ಆಪರೇಷನ್ಸ್, ಸಂಸ್ಥೆಯೊಳಗಿನ ಮನುಷ್ಯರ ನಡವಳಿಕೆ, ಹೀಗೆ. ನಡುವೆ ಬೇಸಿಗೆಯಲ್ಲಿ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್. ಎರಡನೇ ವರ್ಷ ಬೇಕಾದ ವಿಷಯ ಆರಿಸಿಕೊಳ್ಳಬಹುದು, ಕೆಲವರು ಒಂದು ಟರ್ಮ್ ವಿದೇಶದ ಕಾಲೇಜಿಗೂ ಹೋಗಿ ಬರುತ್ತಾರೆ. ಡೇಟಾದಲ್ಲಿ ಆಸಕ್ತಿ ಇರುವವರಿಗೆ ಬಿಸಿನೆಸ್ ಅನಲಿಟಿಕ್ಸ್ ಅಂತಲೇ ಬೇರೆ ಪಿಜಿಪಿ ಇದೆ.

ಡಿಗ್ರಿ ಮುಗಿದ ಕೂಡಲೇ ಪಿಜಿಪಿಗೆ ಹೋಗಬಹುದಾ? ಹೋಗಬಹುದು, ಹೋದವರೂ ಇದ್ದಾರೆ. ಆದರೆ ನನ್ನನ್ನು ಕೇಳಿದರೆ ಎರಡು ವರ್ಷ ಕೆಲಸ ಮಾಡಿ ಹೋಗಿ ಅನ್ನುತ್ತೇನೆ. ಒಂದು ಕಾರಣ, ಐಐಎಂಬಿ ಆಯ್ಕೆಯಲ್ಲಿ ಅನುಭವಕ್ಕೂ ಅಂಕ ಇದೆ. ಅದಕ್ಕಿಂತ ದೊಡ್ಡ ಕಾರಣ ನಾನು ಮೇಲೆ ಹೇಳಿದ ಕ್ಲಾಸು. ಸಂಬಳದ ಚೀಟಿ, ಕೋಪದ ಬಾಸ್, ಕೈಕೊಟ್ಟ ಗಿರಾಕಿ, ಯಾವುದನ್ನೂ ನೋಡದವರಿಗೆ ಕೇಸ್ ಬರೀ ಕಥೆಯಾಗಿ ಉಳಿದುಬಿಡುತ್ತದೆ. "ಎರಡು ವರ್ಷ ಸುಮ್ನೆ ಹಾಳಾಗುತ್ತೆ" ಅನ್ನುವ ಅಪ್ಪ-ಅಮ್ಮನ ಜೊತೆ ನಾನು ವಾದಕ್ಕೇ ಇಳಿಯುತ್ತೇನೆ.

ಇನ್ನೊಂದು ವಿಷಯ ಬಹಳ ಜನರಿಗೆ ತಡವಾಗಿ ಗೊತ್ತಾಗುತ್ತದೆ. ಐಐಎಂಬಿ ಕ್ಯಾಟ್ ಒಂದನ್ನೇ ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಸೇರಿಸಿ ಪಟ್ಟಿ ಮಾಡುತ್ತದೆ. ಆಮೇಲೆ ಸಣ್ಣ ಬರವಣಿಗೆ ಪರೀಕ್ಷೆ, ಸಂದರ್ಶನ. ಹತ್ತನೇ ಕ್ಲಾಸಿನಲ್ಲಿ ಅಂಕ ಕಡಿಮೆ ಇದ್ದವರು ಕ್ಯಾಟ್‌ನಲ್ಲಿ ಒಳ್ಳೆಯ ಪರ್ಸೆಂಟೈಲ್ ತೆಗೆದರೂ ಇಲ್ಲಿ ಕರೆ ಬಾರದೆ ಇರಬಹುದು. ಒಂದೊಂದು ಐಐಎಂ ತೂಗುವ ರೀತಿ ಒಂದೊಂದು ಥರ. ನಿಮ್ಮ ಅಂಕಕ್ಕೆ ಯಾವುದು ಹೊಂದುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅನುಭವ ಇರುವವರಿಗೆ ಇಪಿಜಿಪಿ (ಎಕ್ಸಿಕ್ಯೂಟಿವ್ ಪಿಜಿಪಿ) ಇದೆ. ಒಂದು ವರ್ಷ, ಪೂರ್ತಿ ಕ್ಯಾಂಪಸ್ಸಿನಲ್ಲಿದ್ದು ಓದುವುದು. ಕೆಲಸ ಬಿಡಬೇಕು. ದಾರಿಯನ್ನೇ ಬದಲಿಸಬೇಕು ಅನ್ನುವವರಿಗೆ ಒಳ್ಳೆಯದು. ಆದರೆ ಮನೆ ಸಾಲ, ಸಣ್ಣ ಮಕ್ಕಳು ಇದ್ದವರು ಹೆಂಡತಿ ಅಥವಾ ಗಂಡನ ಜೊತೆ ಕೂತು ಲೆಕ್ಕ ಹಾಕದೆ ಅರ್ಜಿ ಹಾಕಬಾರದು.

ನನಗೆ ವೈಯಕ್ತಿಕವಾಗಿ ಹೆಚ್ಚು ಗೌರವ ಇರುವುದು ಕೆಲಸದಲ್ಲಿರುವವರು ವಾರಾಂತ್ಯದಲ್ಲಿ ಓದುವ ಪಿಜಿಪಿಇಎಂ ಕೋರ್ಸಿನ ಮೇಲೆ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗಾಗಿ 1998ರ ಹೊತ್ತಿಗೆ ಶುರುವಾದ ಕೋರ್ಸು ಈಗಿನ ರೂಪಕ್ಕೆ ಬಂದಿದೆ. ಕೆಲಸ ಬಿಡಬೇಕಾಗಿಲ್ಲ. ವಾರಾಂತ್ಯದಲ್ಲಿ ಕಲಿತದ್ದನ್ನು ಸೋಮವಾರ ಆಫೀಸಿನಲ್ಲಿ ಮಾಡಿ ನೋಡಬಹುದು. ಬೆಂಗಳೂರಿನಲ್ಲೇ ದುಡಿಯುವ ಕನ್ನಡದ ಮಕ್ಕಳಿಗೆ ಇದು ಕೈಗೆ ಎಟುಕುವ ಕೋರ್ಸು. ಆದರೂ ಇದರ ಬಗ್ಗೆ ಕೇಳಿ ಬರುವವರು ಕಡಿಮೆ. ಇದರಲ್ಲಿ ಕಷ್ಟ ಇಲ್ಲ ಅಂತ ತಿಳಿಯಬೇಡಿ. ಎರಡು ವರ್ಷ ಮದುವೆ, ಮುಂಜಿ, ಊರ ಜಾತ್ರೆ ಬಹಳಷ್ಟು ತಪ್ಪುತ್ತವೆ.

ಸಂಶೋಧನೆ ಮಾಡುವ ಮನಸ್ಸಿದ್ದವರಿಗೆ ಪಿಎಚ್‌ಡಿ ಇದೆ. ಫೀಸಿನ ಹೊರೆ ಇಲ್ಲ, ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಮೇಷ್ಟ್ರಾಗುವ ಆಸೆ ಇರುವ ಬಡ ಮನೆಯ ಬುದ್ಧಿವಂತ ಮಕ್ಕಳು ಈ ಕಡೆ ತಿರುಗಿಯೂ ನೋಡದಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಗೆ ಬರುವ ತನಕ ಈ ಸಂಸ್ಥೆಗಳು ಡಿಗ್ರಿ ಕೊಡುವಂತಿರಲಿಲ್ಲ. ಪಿಜಿಪಿ ಮುಗಿಸಿದವರಿಗೆ ಡಿಪ್ಲೊಮಾ, ಸಂಶೋಧಕರಿಗೆ ಫೆಲೋ ಅನ್ನುವ ಹೆಸರು ಸಿಗುತ್ತಿತ್ತು. ಈಗ ಎಂಬಿಎ, ಪಿಎಚ್‌ಡಿ ಅಂತಲೇ ಕೊಡುತ್ತಾರೆ. ಒಂದೇ ಮನೆಯಲ್ಲಿ ಅಣ್ಣನದ್ದು ಡಿಪ್ಲೊಮಾ, ತಂಗಿಯದ್ದು ಎಂಬಿಎ ಅಂತ ಇದ್ದರೆ ಓದಿನಲ್ಲಿ ಮೇಲು ಕೀಳು ಏನಿಲ್ಲ.

ಆದರೆ ಕೆಲವು ದಿನ ಅಥವಾ ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳ ವಿಷಯ ಬೇರೆ. ಮೊಬೈಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಹೆಸರಿನ ಜಾಹೀರಾತು ಬರುತ್ತಲೇ ಇರುತ್ತದೆ. ಕೆಲಸದಲ್ಲಿರುವವರು ಒಂದು ವಿಷಯ ಚೆನ್ನಾಗಿ ಕಲಿಯಲು ಅವು ಉಪಯೋಗಕ್ಕೆ ಬರುತ್ತವೆ. ಅವು ಎಂಬಿಎ ಅಲ್ಲ, ಕ್ಯಾಂಪಸ್ ಪ್ಲೇಸ್‌ಮೆಂಟ್ ಅಲ್ಲಿ ಸಿಗುವುದಿಲ್ಲ. ಸಾಲ ಮಾಡಿ ಅದಕ್ಕೆ ದುಡ್ಡು ಕಟ್ಟುವ ಮೊದಲು ಕೊನೆಯಲ್ಲಿ ಕೈಗೆ ಬರುವ ಕಾಗದದ ಮೇಲೆ ಏನಂತ ಬರೆದಿರುತ್ತದೆ ಅಂತ ಕೇಳಿ ತಿಳಿದುಕೊಳ್ಳಿ.

ಫೀಸು ದೊಡ್ಡದು. ಪಿಜಿಪಿಯ ಎರಡು ವರ್ಷಕ್ಕೆ ₹24 ಲಕ್ಷಕ್ಕೂ ಹೆಚ್ಚು. ಈ ಅಂಕಿ ಕೇಳಿಯೇ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಹೆದರಿ ಬಿಡುವ ಮೊದಲು ಎರಡು ವಿಷಯ ತಿಳಿದಿರಲಿ. ಇಂಥ ಮೇಲ್ದರ್ಜೆಯ ಸಂಸ್ಥೆಗಳಿಗೆ ಸೀಟು ಸಿಕ್ಕಿದವರಿಗೆ ಎಸ್‌ಬಿಐನಂಥ ಬ್ಯಾಂಕುಗಳು ಜಮೀನು, ಮನೆ ಅಡವಿಡದೆಯೇ ಶಿಕ್ಷಣ ಸಾಲ ಕೊಡುತ್ತವೆ. ಮನೆಯ ಆದಾಯ ನೋಡಿ ಸಂಸ್ಥೆಯೂ ವಿದ್ಯಾರ್ಥಿವೇತನ ಕೊಡುತ್ತದೆ. ತೋಟ ಅಡವಿಡಬೇಕಾಗುತ್ತದೆ ಅಂತ ಹೆದರಿ ಮಗಳನ್ನು ಪರೀಕ್ಷೆಗೇ ಕೂರಿಸದ ತಂದೆ-ತಾಯಿಗೆ ಈ ಮಾತು ಯಾರಾದರೂ ತಲುಪಿಸಲೇಬೇಕು.

ಅಷ್ಟು ದೂರ ಹೋಗುವ ಮೊದಲು ಮ್ಯಾನೇಜ್‌ಮೆಂಟ್ ನನಗೆ ಹಿಡಿಸುತ್ತದಾ ಅಂತ ನೋಡಬೇಕಾ? ಐಐಎಂಬಿ 2014ರಿಂದ ಇಂಟರ್‌ನೆಟ್ಟಿನಲ್ಲಿ ಕೋರ್ಸುಗಳನ್ನು ನಡೆಸುತ್ತಿದೆ, ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲೂ ಅದರ ಪಾಠಗಳಿವೆ. ಅಕೌಂಟ್ಸ್ ಪಾಠ ಒಂದನ್ನು ಶುರು ಮಾಡಿ. ಮೂರನೇ ವಾರದಲ್ಲೂ ಕುತೂಹಲ ಉಳಿದಿದ್ದರೆ ಮುಂದುವರಿಯಿರಿ. ಇನ್ನು ಸ್ವಂತ ಉದ್ದಿಮೆ ಮಾಡುವವರು ಎಂಬಿಎ ಸೇರದೆಯೂ ಆ ಕ್ಯಾಂಪಸ್ಸಿನ ನೆರವು ಪಡೆಯಬಹುದು. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಎಸ್. ರಾಘವನ್ ಅವರ ಹೆಸರಿನ, ಹೊಸ ಉದ್ದಿಮೆಗಳನ್ನು ಬೆಳೆಸುವ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ ಹೊರಗಿನ ಉದ್ದಿಮೆದಾರರಿಗೂ ತೆರೆದಿದೆ, ಮಹಿಳೆಯರಿಗಾಗಿ ಪ್ರತ್ಯೇಕ ಕಾರ್ಯಕ್ರಮಗಳನ್ನೂ ನಡೆಸುತ್ತದೆ.

ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಅರ್ಜಿ ಆಗಸ್ಟ್ ಹೊತ್ತಿಗೆ ತೆರೆಯುತ್ತದೆ. ಎರಡು ಗಂಟೆಯ ಪರೀಕ್ಷೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ ತಪ್ಪಾದರೆ 1 ಅಂಕ ಹೋಗುತ್ತದೆ. ಇದನ್ನು ಯಾವ ಕೋಚಿಂಗ್ ಸೆಂಟರಿನವರೂ ಹೇಳಿಕೊಡುತ್ತಾರೆ. ಅವರು ಹೇಳದೆ ಬಿಡುವುದು ಜಾತಿ ಪ್ರಮಾಣಪತ್ರದ ಸಂಗತಿ. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಐಐಎಂಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಇದ್ದರೆ ನಾಡಕಚೇರಿಗೆ ಹೋಗಿ ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕೇ ಅರ್ಜಿ ಹಾಕಿ. ಬಂದ ಮೇಲೆ ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಅನ್ನುವ ಸಾಲು, ತಾರೀಕು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿರುವಂತೆಯೇ ಬರೆದ ಹೆಸರು, ಮೂರನ್ನೂ ಕೌಂಟರ್ ಬಿಡುವ ಮೊದಲೇ ಓದಿ ನೋಡಿ. ಈ ಕೆಲಸ ಜುಲೈಯಲ್ಲೇ ಮುಗಿದಿರಲಿ.