ಬಾಗಿಲಿಗೆ ಮೊದಲು ದುಡ್ಡು, ಮೇಷ್ಟ್ರಿಗೆ ಆಮೇಲೆ

ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಶಾಲೆಗಳು ಸುರಕ್ಷತಾ ಅನುದಾನಕ್ಕೆ ಅರ್ಜಿ ಹಾಕುವಾಗ ಕ್ಯಾಮೆರಾ, ಬೀಗಗಳ ಜೊತೆ ಈಗ ಇನ್ನೊಂದು ಖರ್ಚನ್ನೂ ತೋರಿಸಬಹುದು: ಸಿಬ್ಬಂದಿಗೆ ಡಿ-ಎಸ್ಕಲೇಶನ್ ತರಬೇತಿ. ಮಗು ಕೂಗಾಡುತ್ತಾ ಕುರ್ಚಿ ಎತ್ತಿದಾಗ, ಅದು ಹೊಡೆದಾಟಕ್ಕೆ ತಿರುಗುವ ಮೊದಲೇ ತಣ್ಣಗೆ ಮಾಡುವ ವಿದ್ಯೆ ಅದು.

ಈ ಖರ್ಚು ಪಟ್ಟಿಗೆ ಸೇರಿದ್ದು ಎರಡು ಬೇರೆ ಬೇರೆ ದಾರಿಯಲ್ಲಿ. ಒಂದು ಬಂದೂಕಿನ ಭಯ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಅಷ್ಟು ಸುದ್ದಿಯಾಗಲಿಲ್ಲ.

ಬಂದೂಕಿನ ದಾರಿ ಮೊದಲು ನೋಡೋಣ. 1994ರ ಕೇಂದ್ರ ಕಾಯ್ದೆಯ ಪ್ರಕಾರ, ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷ ಹೊರಗೆ ಹಾಕಬೇಕು. 1999ರಲ್ಲಿ ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ 12 ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ ಗುಂಡಿಗೆ ಬಲಿಯಾದರು. ಆಮೇಲೆ ದುಡ್ಡು ಹರಿದದ್ದು ಶಾಲೆಗಳಿಗೆ ಪೊಲೀಸರನ್ನು ನೇಮಿಸುವ ಕಡೆಗೆ. ಮೇಷ್ಟ್ರು, ಸಹಾಯಕರು, ಬಸ್ ಡ್ರೈವರ್ ಇವರೆಲ್ಲ ಆಗಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಇರಲೇ ಇಲ್ಲ.

ಲೆಕ್ಕ ಬದಲಾದದ್ದು 2018ರಲ್ಲಿ. ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಜನ ಸತ್ತರು. ಮುಂದಿನ ತಿಂಗಳೇ ಕೇಂದ್ರದಲ್ಲಿ ಸ್ಟಾಪ್ ಸ್ಕೂಲ್ ವಯಲೆನ್ಸ್ ಕಾಯ್ದೆ ಬಂತು. ಸಿಬ್ಬಂದಿಗೆ ತರಬೇತಿ, ಬೆದರಿಕೆಗಳನ್ನು ತೂಗಿ ನೋಡುವ ತಂಡ, ಹೆಸರು ಹೇಳದೆ ದೂರು ಕೊಡುವ ವ್ಯವಸ್ಥೆ, ಇವಕ್ಕೆಲ್ಲ ಹಣ. ಬಂದೂಕು ಕೊಳ್ಳಲು ಅಥವಾ ಅದನ್ನು ಬಳಸುವ ತರಬೇತಿಗೆ ಮಾತ್ರ ಒಂದು ಡಾಲರೂ ಇಲ್ಲ ಎಂದು ಕಾಯ್ದೆಯಲ್ಲೇ ಬರೆದರು. 2019ರಿಂದ ವರ್ಷಕ್ಕೆ 10 ಕೋಟಿ ಡಾಲರ್‌ವರೆಗೆ ಖರ್ಚು ಮಾಡಲು ಒಪ್ಪಿಗೆ ಸಿಕ್ಕಿತು. ಆದರೆ ಕಾಲು ಭಾಗವನ್ನು ಅರ್ಜಿ ಹಾಕಿದವರೇ ಭರಿಸಬೇಕಿತ್ತು.

ರಾಜ್ಯಗಳೂ ಸುಮ್ಮನೆ ಕೂರಲಿಲ್ಲ. ವಿಸ್ಕಾನ್ಸಿನ್ ಅದೇ ಮಾರ್ಚ್‌ನಲ್ಲಿ 10 ಕೋಟಿ ಡಾಲರ್ ಎತ್ತಿಟ್ಟಿತು. ಮೊದಲ ಸುತ್ತಿನ ಹಣ ಹೆಚ್ಚಾಗಿ ಬೀಗ, ಬಾಗಿಲು, ಒಡೆಯದಂತೆ ಗಾಜಿಗೆ ಅಂಟಿಸುವ ಫಿಲ್ಮ್ ಇಂಥದ್ದಕ್ಕೇ ಹೋಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ಬೀಗ ಹಾಕಿದ್ದನ್ನು ಪೋಷಕರಿಗೆ ತೋರಿಸಬಹುದು, ಬಿಲ್ ಲಗತ್ತಿಸಿ ಕಡತ ಮುಗಿಸಬಹುದು. ಆಗದೇ ಹೋದ ಜಗಳಕ್ಕೆ ಫೋಟೊ ಎಲ್ಲಿಂದ ತರೋದು, ಅಲ್ವಾ?

ಇನ್ನು ಎರಡನೇ ದಾರಿ. ನನ್ನ ಪ್ರಕಾರ ತರಬೇತಿಯ ನಿಜವಾದ ಬೇರು ಇರುವುದು ಇಲ್ಲಿ. 2009ರ ಮೇ ತಿಂಗಳಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಒಂದು ವರದಿ ಕೊಟ್ಟಿತು. ಶಾಲೆಗಳಲ್ಲಿ ಮಕ್ಕಳನ್ನು ನೆಲಕ್ಕೆ ಅದುಮಿ ಹಿಡಿದ, ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದ ನೂರಾರು ದೂರುಗಳು ಅದರಲ್ಲಿದ್ದವು. ಕೆಲವು ಮಕ್ಕಳು ಸತ್ತೂ ಹೋಗಿದ್ದರು. ಹೆಚ್ಚಿನವರು ಅಂಗವಿಕಲ ಮಕ್ಕಳು. 2010ರಲ್ಲಿ ಇದನ್ನು ತಡೆಯುವ ಮಸೂದೆ ಕೆಳಮನೆಯಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ನಿಂತುಹೋಯಿತು. ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬಂದರೂ ಕಾಯ್ದೆಯಾಗಲಿಲ್ಲ. ಹೀಗಾಗಿ ನಿಯಮ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು, ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಮಗುವನ್ನು ಅದುಮಿ ಹಿಡಿಯಬಾರದು ಎಂದರೆ, ಅದಕ್ಕೂ ಮೊದಲೇ ತಣ್ಣಗೆ ಮಾಡುವುದು ಸಿಬ್ಬಂದಿಗೆ ಗೊತ್ತಿರಬೇಕಲ್ಲ. ತರಬೇತಿಯ ಮಾತು ಬರುವುದು ಅಲ್ಲಿಂದ.

2017-18ರ ಶಾಲಾ ವರ್ಷದ ಸರ್ಕಾರಿ ಅಂಕಿಗಳನ್ನೇ ನೋಡಿ. ಸುಮಾರು 1 ಲಕ್ಷ 2 ಸಾವಿರ ಮಕ್ಕಳ ಮೇಲೆ ಇಂಥ ಕ್ರಮ ನಡೆದಿತ್ತು. ವಿಶೇಷ ಶಿಕ್ಷಣ ಕಾಯ್ದೆಯಡಿ ಬರುವ ಮಕ್ಕಳು ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 13. ಆದರೆ ಮೈಮುಟ್ಟಿ ಹಿಡಿದಿಟ್ಟ ಮಕ್ಕಳಲ್ಲಿ ಅವರು ಶೇ 80.

2019ರ ನವೆಂಬರ್‌ನಲ್ಲಿ ಇಲಿನಾಯ್ ಶಾಲೆಗಳ ಕೂಡಿಹಾಕುವ ಕೋಣೆಗಳ ಬಗ್ಗೆ ಪತ್ರಕರ್ತರ ತನಿಖೆ ಹೊರಬಂತು. ಮಾರನೆಯ ದಿನವೇ ರಾಜ್ಯ ತುರ್ತು ನಿಯಮ ತಂದಿತು. 2021ರ ಕಾಯ್ದೆ ಇನ್ನೂ ಮುಂದೆ ಹೋಯಿತು. ಇಂಥ ಕ್ರಮಗಳನ್ನು ಕಡಿಮೆ ಮಾಡಲು ಶಾಲೆಗಳು ಯೋಜನೆ ಹಾಕಿಕೊಳ್ಳಬೇಕು, ಅದಕ್ಕೆ ರಾಜ್ಯದಿಂದ ಅನುದಾನ. ಆದರೆ ಬಜೆಟ್‌ನಲ್ಲಿ ಹಣ ಇಟ್ಟರೆ ಮಾತ್ರ! ಇಡೀ ಕಥೆಯ ಗಂಟು ಇರುವುದು ಈ ಷರತ್ತಿನಲ್ಲೇ.

ಅಷ್ಟಕ್ಕೂ ತರಬೇತಿಯಲ್ಲಿ ಕಲಿಸುವುದೇನು? ಕೇಳಿದರೆ ತೀರಾ ಸರಳ ಅನ್ನಿಸುತ್ತದೆ. ಮಗುವಿನ ಎದುರಿಗೆ ನೇರ ನಿಲ್ಲಬೇಡಿ, ಸ್ವಲ್ಪ ಓರೆಯಾಗಿ, ಕೈಗೆಟುಕದಷ್ಟು ದೂರ ನಿಲ್ಲಿ. ಕೈಗಳು ಕಾಣುತ್ತಿರಲಿ. ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ. ಎರಡು ಆಯ್ಕೆ ಕೊಟ್ಟು ಕಾಯಿರಿ. ರೇಗಿದ ಮಗುವನ್ನು ಎಳೆಯುವ ಬದಲು ಉಳಿದ ಮಕ್ಕಳನ್ನು ಹೊರಗೆ ಕಳಿಸಿ. ನೋಡುವವರಿದ್ದರೆ ಸಿಟ್ಟು ಜಾಸ್ತಿಯಾಗುತ್ತದೆ. ಓದಿದರೆ ಐದು ನಿಮಿಷದ ಪಾಠ. ಆದರೆ ಮಗು ಮುಖಕ್ಕೆ ಉಗುಳಿದ ಕ್ಷಣದಲ್ಲಿ ಇದೆಲ್ಲ ನೆನಪಿಗೆ ಬರಬೇಕಾದರೆ ಮತ್ತೆ ಮತ್ತೆ ಅಭ್ಯಾಸ ಮಾಡಿರಬೇಕು.

ಈ ಕ್ಷೇತ್ರದಲ್ಲಿ ಹಳಬರು ಎಂದರೆ 1980ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶುರುವಾದ ಕ್ರೈಸಿಸ್ ಪ್ರಿವೆನ್ಷನ್ ಇನ್‌ಸ್ಟಿಟ್ಯೂಟ್. ಅವರ ಪದ್ಧತಿಯಲ್ಲಿ ಶಾಲೆಯ ಒಬ್ಬಿಬ್ಬರು ಹೋಗಿ ಕಲಿತು ಬರುತ್ತಾರೆ, ಆಮೇಲೆ ಉಳಿದವರಿಗೆ ಅವರೇ ಕಲಿಸುತ್ತಾರೆ. ಖರ್ಚು ಉಳಿಯುತ್ತದೆ ನಿಜ. ಆದರೆ ಹಾಗೆ ಕಲಿತವರು ಕೆಲಸ ಬಿಟ್ಟರೆ ವಿದ್ಯೆಯೂ ಅವರ ಜೊತೆಗೇ ಹೋಗುತ್ತದೆ.

ಎಲ್ಲಕ್ಕಿಂತ ದುಬಾರಿ ಸಮಯ. ಒಂದು ದಿನದ ತರಬೇತಿ ಅಂದರೆ ಆ ದಿನ ತರಗತಿಗೆ ಬದಲಿ ಶಿಕ್ಷಕರು ಬೇಕು, ಅವರಿಗೆ ಸಂಬಳ ಕೊಡಬೇಕು. ತರಗತಿ ಸಹಾಯಕರಿಗೆ ಎಷ್ಟೋ ಕಡೆ ಗಂಟೆ ಲೆಕ್ಕದ ಕೂಲಿ. ತರಬೇತಿಯ ಗಂಟೆಗಳಿಗೆ ಕೂಲಿ ಇಲ್ಲದಿದ್ದರೆ ಅವರು ಬರುವುದು ಹೇಗೆ? ಆದರೆ ಏಟು ತಿನ್ನುವವರಲ್ಲಿ ಅವರೇ ಮುಂದೆ. 2020-21ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಸುಮಾರು 15 ಸಾವಿರ ಶಾಲಾ ನೌಕರರನ್ನು ಸಮೀಕ್ಷೆ ಮಾಡಿತು. ವಿದ್ಯಾರ್ಥಿಗಳಿಂದ ಒಮ್ಮೆಯಾದರೂ ದೈಹಿಕ ಹಲ್ಲೆ ಆಗಿದೆ ಎಂದ ಶಿಕ್ಷಕರು ಶೇ 14. ಸಹಾಯಕರು, ಡ್ರೈವರ್‌ಗಳಂಥ ಇತರ ಸಿಬ್ಬಂದಿಯಲ್ಲಿ ಅದು ಶೇ 22.

2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಉವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಮತ್ತೊಂದು ಕಂತು ಬಂತು. ಜೂನ್‌ನ ಕೇಂದ್ರ ಕಾಯ್ದೆ 2018ರ ಆ ಸ್ಟಾಪ್ ಸ್ಕೂಲ್ ವಯಲೆನ್ಸ್ ಯೋಜನೆಗೆ 30 ಕೋಟಿ ಡಾಲರ್ ಸೇರಿಸಿತು, ಶಾಲೆಗಳ ಮಾನಸಿಕ ಆರೋಗ್ಯ ಸಿಬ್ಬಂದಿಗೆ 100 ಕೋಟಿ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರದ ಶಿಕ್ಷಣ ಇಲಾಖೆ ಆ ಮಾನಸಿಕ ಆರೋಗ್ಯ ಅನುದಾನಗಳನ್ನು ಮುಂದುವರಿಸುವುದಿಲ್ಲ ಎಂದಿತು. 16 ರಾಜ್ಯಗಳು ಕೋರ್ಟಿಗೆ ಹೋದವು. ಕೇಂದ್ರದ ಹಣ ನೆಚ್ಚಿಕೊಂಡು ಆಪ್ತಸಮಾಲೋಚಕರನ್ನು ನೇಮಿಸಿಕೊಂಡಿದ್ದ ಶಾಲೆಗಳು ಅವರ ಸಂಬಳಕ್ಕೆ ರಾಜ್ಯದ ಕಡೆ, ಇಲ್ಲವೇ ತಮ್ಮದೇ ಬಜೆಟ್ ಕಡೆ ನೋಡಬೇಕಾಯಿತು.