ಒಂಬತ್ತು ತಿಂಗಳಿಗೇ ನೆತ್ತಿ ಕೂಡಿದೆ, ಮಿದುಳು ಬೆಳೆಯಲು ಜಾಗ ಸಾಲುತ್ತದೆಯೇ?

ಪ್ರಶ್ನೆ: ಮಗುವಿಗೆ 9 ತಿಂಗಳು. ನೆತ್ತಿಯ ಮೆದುಭಾಗ ಈಗ ಕೈಗೆ ಸಿಗುತ್ತಿಲ್ಲ. ಒಂದೂವರೆ ವರ್ಷದವರೆಗೂ ತೆರೆದಿರಬೇಕು ಎನ್ನುತ್ತಾರೆ. ಇಷ್ಟು ಬೇಗ ಮುಚ್ಚಿಕೊಂಡರೆ ಮಿದುಳು ಬೆಳೆಯುವುದು ಹೇಗೆ?

ಉತ್ತರ: ತಲೆಯ ಸುತ್ತಳತೆ ಏರುತ್ತಿದ್ದು, ಆಕಾರವೂ ಸರಿಯಿದ್ದರೆ ಹೆದರಬೇಕಿಲ್ಲ. ಆರೋಗ್ಯವಂತ ಮಕ್ಕಳಲ್ಲೇ ಮುಂದಿನ ನೆತ್ತಿ 4 ತಿಂಗಳಿಗೂ ಕೂಡಬಹುದು, 26 ತಿಂಗಳಿಗೂ ಕೂಡಬಹುದು. ಒಂದೂವರೆ ವರ್ಷವೆಂಬುದು ಗಡುವೇನಲ್ಲ.

ಮಗುವಿನ ಬುರುಡೆ ಒಂದೇ ಚಿಪ್ಪಲ್ಲ. ಹಣೆಯ ಮೂಳೆಯೇ ಹುಟ್ಟುವಾಗ ಎರಡು ಹೋಳಾಗಿರುತ್ತದೆ. ಅದರ ಹಿಂದೆ ಎಡಬಲಕ್ಕೆ ಎರಡು ಪೆರೈಟಲ್ ಮೂಳೆಗಳು, ಹಿಂದಲೆಗೆ ಒಂದು. ಇವುಗಳ ನಡುವಿನ ಸಂದುಗಳನ್ನು ಸೂಚರ್ ಎನ್ನುತ್ತಾರೆ. ಹಣೆಯ ಎರಡು ಹೋಳು, ಎರಡು ಪೆರೈಟಲ್ ಸೇರುವ ಮೂಲೆಯಲ್ಲಿ ಉಳಿಯುವ ವಜ್ರಾಕಾರದ ತೆರಪೇ ಮುಂದಿನ ನೆತ್ತಿ. ಬುರುಡೆ ದೊಡ್ಡದಾಗುವುದು ಮುಖ್ಯವಾಗಿ ಸೂಚರ್‌ಗಳಲ್ಲಿ: ಮಿದುಳು ಒಳಗಿನಿಂದ ತಳ್ಳಿದಂತೆ ಸಂದು ಎಳೆಯಲ್ಪಟ್ಟು, ಮೂಳೆಯ ಅಂಚಿನಲ್ಲಿ ಹೊಸ ಮೂಳೆ ಕೂಡಿಕೊಳ್ಳುತ್ತದೆ. ನೆತ್ತಿ ಮುಚ್ಚಿದರೂ ಈ ಕೆಲಸ ನಿಲ್ಲದು. ಹಣೆಯ ನಡುವಿನ ಸೂಚರ್ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಬೆಸೆದುಕೊಳ್ಳುತ್ತದೆ, ಅದು ಸಹಜ. ಉಳಿದ ಮುಖ್ಯ ಸೂಚರ್‌ಗಳು ಪೂರ್ತಿ ಬೆಸೆಯುವುದು ವಯಸ್ಕರಾದ ಮೇಲೆಯೇ.

ಹಾಗಾಗಿ ನೆತ್ತಿ ಮುಟ್ಟಿ ನೋಡುವುದಕ್ಕಿಂತ ಟೇಪು ಹಿಡಿಯುವುದು ಮೇಲು. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಕಿವಿಗಳ ಮೇಲಿಂದ, ಹಿಂದಲೆಯ ಅತಿ ಉಬ್ಬಿದ ಜಾಗದ ಸುತ್ತ ತನ್ನಿ. ಜಡೆ, ಕ್ಲಿಪ್ಪು ಇದ್ದರೆ ಅಳತೆ ತಪ್ಪುತ್ತದೆ. ಮೂರು ಸಲ ಅಳೆದು ದೊಡ್ಡ ಅಳತೆಯನ್ನು ಬರೆದಿಡಿ. ಹುಟ್ಟುವಾಗ ಸುಮಾರು 35 ಸೆಂ.ಮೀ. ಇರುವ ತಲೆ ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂ.ಮೀ., ಮುಂದಿನ ಮೂರು ತಿಂಗಳು 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ಅರ್ಧ ಸೆಂ.ಮೀ.ನಂತೆ ಬೆಳೆಯುತ್ತದೆ. 9 ತಿಂಗಳ ಮಗುವಿನಲ್ಲಿ ಒಂದು ತಿಂಗಳ ಏರಿಕೆ ಅರ್ಧ ಸೆಂಟಿಮೀಟರಷ್ಟೇ ಆದ್ದರಿಂದ ವಾರವಾರ ಅಳೆದರೆ ಕೈತಪ್ಪೇ ಕಾಣುತ್ತದೆ, ಬೆಳವಣಿಗೆಯಲ್ಲ. ಒಂದೇ ಅಳತೆಗೂ ಅರ್ಥವಿಲ್ಲ. ಹಿಂದಿನ ಅಳತೆಗಳ ಜತೆ ಮಗುವಿನ ಬೆಳವಣಿಗೆ ಚಾರ್ಟಿನ ಗೆರೆಯಲ್ಲಿಟ್ಟು ನೋಡಬೇಕು.

ನಿಜವಾಗಿ ಚಿಂತಿಸಬೇಕಾದದ್ದು ಸೂಚರ್ ಅವಧಿಗೆ ಮುನ್ನ ಬೆಸೆದಾಗ. ಕ್ರೇನಿಯೋಸಿನೋಸ್ಟೋಸಿಸ್ ಎಂಬ ಈ ತೊಂದರೆ ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಸೂಚರ್‌ಗೆ ಅಡ್ಡವಾಗಿ ನಡೆಯಬೇಕಿದ್ದ ಬೆಳವಣಿಗೆ ನಿಂತು, ತಲೆ ಬೇರೆ ದಿಕ್ಕಿಗೆ ಚಾಚುತ್ತದೆ. ನಡುನೆತ್ತಿಯ ಉದ್ದದ ಸೂಚರ್ ಬೆಸೆದರೆ ತಲೆ ಕಿರಿದಾಗಿ ಹಿಂದುಮುಂದಕ್ಕೆ ಉದ್ದವಾಗುತ್ತದೆ. ಹೆಚ್ಚು ಕಾಣುವುದು ಇದೇ. ಹಣೆಯ ಒಂದು ಪಕ್ಕ ಚಪ್ಪಟೆಯಾಗುವುದು, ಹಣೆ ತ್ರಿಕೋನವಾಗುವುದು, ಸೂಚರ್ ಗುಂಟ ಗಟ್ಟಿ ಏಣು ಸಿಗುವುದು ಇವೂ ಸೂಚನೆಗಳೇ. ಆದರೆ ಒಂದೇ ಮಗ್ಗುಲಿಗೆ ಮಲಗಿ ಹಿಂದಲೆಯ ಒಂದು ಬದಿ ಚಪ್ಪಟೆಯಾಗಿದ್ದರೆ, ಆ ಬದಿಯ ಕಿವಿ ಮುಂದಕ್ಕೆ ಸರಿದಿದ್ದರೆ, ಅದು ಬಹುತೇಕ ಮಲಗುವ ಭಂಗಿಯದ್ದು. ತಲೆಯನ್ನು ಒತ್ತಿ ತಿದ್ದಲು ಹೋಗಬೇಡಿ. ಮಲಗಿಸುವುದು ಬೆನ್ನ ಮೇಲೆಯೇ ಇರಲಿ, ಎಚ್ಚರವಿದ್ದಾಗ ಎದುರು ಕೂತು ಬೋರಲು ಆಡಿಸಿ.

ಆಕಾರ ಬದಲಾಗುತ್ತಿದೆ ಎನಿಸಿದರೆ ಅಥವಾ ಸುತ್ತಳತೆಯ ಗೆರೆ ಇಳಿಯುತ್ತಿದ್ದರೆ ಮಕ್ಕಳ ವೈದ್ಯರಿಗೆ ಬೇಗ ತೋರಿಸಿ. ಸೂಚರ್ ಬೆಸೆದಿದ್ದರೆ, ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಬಳಸಿ ಸಣ್ಣ ಗಾಯದಲ್ಲಿ ಮುಗಿಸುವ ಶಸ್ತ್ರಚಿಕಿತ್ಸೆ ಮೊದಲ ಕೆಲವು ತಿಂಗಳಲ್ಲಷ್ಟೇ ಸಾಧ್ಯ, ಆಮೇಲೆ ದೊಡ್ಡದೇ ಬೇಕಾಗುತ್ತದೆ.

ನೆತ್ತಿ ಕೂಡಿದ ಮೇಲೆ ಒಂದು ವ್ಯತ್ಯಾಸವಂತೂ ಇದೆ. ಭೇದಿ, ವಾಂತಿಯಾದಾಗ ನೆತ್ತಿ ಗುಳಿಬಿದ್ದಿದೆಯೇ ಎಂದು ನೋಡಿ ನೀರಿನಂಶದ ಕೊರತೆ ಗುರುತಿಸುವುದು ಇನ್ನಾಗದು. ಒಣಗಿದ ಬಾಯಿ, ಕಣ್ಣೀರಿಲ್ಲದ ಅಳು, ಆರು ತಾಸಾದರೂ ಒದ್ದೆಯಾಗದ ಬಟ್ಟೆ: ಇವನ್ನೇ ಗಮನಿಸಬೇಕು.