ಕರೆಂಟು ಹೋದರೂ ನಿಲ್ಲದ ಆಟ

ಆಷಾಢದ ಮಳೆ. ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲಿ ಸಂಜೆ ಆರಕ್ಕೇ ಕತ್ತಲೆ. ಅಕ್ಕನ ಮಗ ಬೆಂಗಳೂರಿನಿಂದ ತಂದಿದ್ದ ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲನ್ನು, ಅಂದರೆ ವಿಡಿಯೊ ಗೇಮ್ ಯಂತ್ರವನ್ನು, ಟಿವಿಗೆ ಹಾಕಿಕೊಂಡು ಕಾರ್ ರೇಸ್ ಆಡುತ್ತಿದ್ದ. ಎಲ್ಲೋ ತಂತಿ ಮೇಲೆ ಮರ ಬಿತ್ತು. ಟಿವಿ ಕಪ್ಪಾಯಿತು. ಹುಡುಗ ಟಿವಿಗೆ ಸೇರಿಸುವ ಡಾಕ್ ಎಂಬ ತೊಟ್ಟಿಲಿನಿಂದ ಕನ್ಸೋಲನ್ನು ಎತ್ತಿಕೊಂಡ, ಕಂಬಳಿ ಹೊದ್ದ, ಬಿಟ್ಟ ತಿರುವಿನಿಂದಲೇ ಓಡಿಸತೊಡಗಿದ.

"ಅಲ್ಲಾ ಮಾರಾಯ, ಟಿವಿನೇ ಆಫ್ ಆಗಿದೆ, ಆಟ ಹೆಂಗೆ ನಡೀತಿದೆ?" ಎಂದರು ಅಮ್ಮ.

ಅಮ್ಮನ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಮನೆಯ ಕನ್ಸೋಲ್ ಯಾವುದು, ಕೈಯಲ್ಲಿ ಹಿಡಿಯುವುದು ಯಾವುದು, ಎರಡೂ ಆಗುವ ಹೈಬ್ರಿಡ್ ಯಾವುದು? ಗಾತ್ರ ನೋಡಿ ಹೇಳಬಹುದು ಅನ್ನಿಸುತ್ತದೆ, ಅಲ್ವಾ? ಅದು ಆಗದು, ಬರೀ ಬ್ಯಾಟರಿ ನೋಡಿದರೂ ಆಗದು. 1972ರಲ್ಲಿ ಬಂದ ಮೊದಲ ಮನೆಯ ಕನ್ಸೋಲ್ ಮ್ಯಾಗ್ನಾವಾಕ್ಸ್ ಒಡಿಸ್ಸಿ ಆರು ಸೆಲ್ ಹಾಕಿದರೆ ನಡೆಯುತ್ತಿತ್ತು. ಆದರೆ ಅದಕ್ಕೆ ತನ್ನದೇ ಪರದೆ ಇರಲಿಲ್ಲ. ಟಿವಿ ಇಲ್ಲದಿದ್ದರೆ ಅದು ಸುಮ್ನೆ ಒಂದು ಡಬ್ಬಿ. ಪರದೆ, ಬ್ಯಾಟರಿ, ಗುಂಡಿ ಮೂರೂ ಮೈಮೇಲೇ ಇದ್ದರೆ ಮಾತ್ರ ಅದು ಕೈಯಾಟದ ಕನ್ಸೋಲ್.

ಆ ಮೂರನ್ನೂ ಹೊರುವುದು ಸುಲಭವಲ್ಲ. 1989ರ ಗೇಮ್ ಬಾಯ್‌ನಲ್ಲಿ ಬಣ್ಣ ಇರಲಿಲ್ಲ, ಪರದೆಯ ಹಿಂದೆ ಬೆಳಕೂ ಇರಲಿಲ್ಲ. ನಮ್ಮ ಮಳೆಗಾಲದ ಸಂಜೆಗೆ ಜಗುಲಿಯಲ್ಲಿ ಕೂತರೆ ಏನೂ ಕಾಣುತ್ತಿರಲಿಲ್ಲ. ಆದರೆ ನಾಲ್ಕು ಸೆಲ್ಲಿಗೆ ಹತ್ತು ಗಂಟೆಗೂ ಜಾಸ್ತಿ ಬರುತ್ತಿತ್ತು. ಮರುವರ್ಷ ಬಂದ ಸೇಗಾ ಗೇಮ್ ಗಿಯರ್‌ಗೆ ಬಣ್ಣವೂ ಇತ್ತು, ಬೆಳಕೂ ಇತ್ತು. ಅದು ಆರು ಸೆಲ್ಲನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಸುತ್ತಿತ್ತು. ಗೆದ್ದದ್ದು ಗೇಮ್ ಬಾಯ್. ನನ್ನ ಮಟ್ಟಿಗೆ ಅದು ನ್ಯಾಯವಾದ ಗೆಲುವು.

ಈಗ ಸ್ವಿಚ್ಚಿನ ಲೆಕ್ಕ ನೋಡಿ. 2017ರ ಮೊದಲ ಸ್ವಿಚ್ಚಿನ ಬ್ಯಾಟರಿಯಲ್ಲಿ ಇರುವುದು ಸುಮಾರು 16 ವ್ಯಾಟ್-ಗಂಟೆ, ಅಂದರೆ 16 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಶಕ್ತಿ. ಕಂಪನಿ ಹೇಳಿದ್ದು ಎರಡೂವರೆಯಿಂದ ಆರೂವರೆ ಗಂಟೆಯ ಆಟ. ಭಾಗಿಸಿದರೆ ಕೈಯಲ್ಲಿದ್ದಾಗ ಅದು ಎರಡೂವರೆಯಿಂದ ಆರೂವರೆ ವ್ಯಾಟ್ ಒಳಗೇ ಬದುಕಬೇಕು. ಮನೆಯ ಕನ್ಸೋಲಾದ ಪ್ಲೇಸ್ಟೇಷನ್ 5 ದೊಡ್ಡ ಆಟಕ್ಕೆ ಸುಮಾರು 200 ವ್ಯಾಟ್ ಎಳೆಯುತ್ತದೆ. ಸ್ವಿಚ್ಚಿನ ಬ್ಯಾಟರಿಯನ್ನು ಅದಕ್ಕೆ ಕೊಟ್ಟರೆ ಐದು ನಿಮಿಷವೂ ಬಾರದು. ಬ್ಯಾಟರಿ ದೊಡ್ಡದು ಮಾಡಿದರೂ ಬಿಸಿ ಎಲ್ಲಿಗೆ ಹೋಗಬೇಕು? ಹಳೇ 60 ವ್ಯಾಟಿನ ಮೂರು ಬಲ್ಬು ಒಟ್ಟಿಗೆ ಉರಿದಷ್ಟು ಕಾವು ಅದು. ಯಾರು ಕೈಯಲ್ಲಿ ಹಿಡಿದಾರು?

ಹೈಬ್ರಿಡ್ ಜಾಣತನ ಇಲ್ಲೇ ಇರುವುದು. ಡಾಕ್ ಒಳಗೆ ಬೇರೆ ಮಿದುಳು ಇಲ್ಲ. ಅದು ಗೋಡೆಯ ಕರೆಂಟನ್ನು ಒಳಗೆ ಬಿಟ್ಟು ಚಿತ್ರವನ್ನು ಟಿವಿಗೆ ಕಳಿಸುತ್ತದೆ, ಅಷ್ಟೇ. ಗೋಡೆಯ ಕರೆಂಟು ಸಿಕ್ಕ ಕೂಡಲೇ ಅದೇ ಚಿಪ್ ವೇಗ ಹೆಚ್ಚಿಸಿಕೊಳ್ಳುತ್ತದೆ. ಕೈಗೆ ಬಂದಾಗ ನಿಧಾನವಾಗುತ್ತದೆ. ಕೈಯಲ್ಲಿನ 6.2 ಇಂಚಿನ ಪರದೆಗೆ 720 ಸಾಲಿನ ಚಿತ್ರ ಸಾಕು. ಟಿವಿಗೆ 1080 ಸಾಲು ಬೇಕೆಂದರೆ, ಸಾಲಿನ ಉದ್ದವೂ ಅಷ್ಟೇ ಪಟ್ಟು ಹೆಚ್ಚುವುದರಿಂದ, ಎರಡೂಕಾಲು ಪಟ್ಟು ಚುಕ್ಕೆ ಬಿಡಿಸಬೇಕು. ಅಂದರೆ ಶಕ್ತಿ ಕಡಿಮೆ ಇರುವಾಗಲೇ ಕೆಲಸವೂ ಕಡಿಮೆ.

ಟಿವಿಗೂ ಸೇರಿಸಬಹುದಾದ ಕೈಯಾಟ ಮೊದಲೂ ಇತ್ತು. 1995ರ ಸೇಗಾ ನೋಮ್ಯಾಡ್ ಅಂಥದ್ದೇ. ಸೆಲ್ ತಿನ್ನುವ ಹಸಿವೇ ಅದನ್ನು ಸೋಲಿಸಿತು. ಇನ್ನು 2019ರ ಸ್ವಿಚ್ ಲೈಟ್ ಅದೇ ಆಟಗಳನ್ನು ಆಡಿಸುತ್ತದೆ, ಟಿವಿಗೆ ಮಾತ್ರ ಸೇರುವುದಿಲ್ಲ. ಹೆಸರಲ್ಲಿ ಸ್ವಿಚ್ ಇದ್ದರೂ ಅದನ್ನು ನಾನು ಹೈಬ್ರಿಡ್ ಅನ್ನಲಾರೆ.

ರಾತ್ರಿ ಒಂಬತ್ತಕ್ಕೆ ಕರೆಂಟು ಬಂತು. ಹುಡುಗ ಕನ್ಸೋಲನ್ನು ಮತ್ತೆ ಡಾಕ್‌ಗೆ ಇಳಿಸಿದ. ಟಿವಿಯಲ್ಲಿ ಅದೇ ರಸ್ತೆ, ಅದೇ ಕಾರು. ಸ್ವಲ್ಪ ಹೊತ್ತು ಬಿಟ್ಟು ಕನ್ಸೋಲಿನ ನೆತ್ತಿಯ ಸೀಳುಗಳ ಮೇಲೆ ಅಮ್ಮ ಕೈ ಹಿಡಿದು ನೋಡಿದರು. "ಬೆಚ್ಚಗಿದೆ ಕಣೋ" ಅಂದರು.